ಸುಂಕದ ಕಟ್ಟೆಯೂ ಪರವಾನಗಿಯ ಚೀಟಿಯೂ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯು ಕನ್ನಡ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಗಾದೆಯು ಉಳಿದಿದೆ, ಅದನ್ನು ಹುಟ್ಟಿಸಿದ ಸುಂಕದವನು ಮಾತ್ರ ನಮ್ಮ ಹಾದಿಗಳಿಂದ ಎಂದೋ ಎದ್ದುಹೋದನು. ಅವನನ್ನು ಎಬ್ಬಿಸಿದ ತತ್ತ್ವವು ಯಾವುದು, ಅದೇ ತತ್ತ್ವದ ಹೆಸರನ್ನು ಹೊತ್ತು ಬಂದ ಮತ್ತೊಂದು ತತ್ತ್ವವು ಅವನನ್ನು ಬೇರೆ ವೇಷದಲ್ಲಿ ಹೇಗೆ ಮರಳಿ ಕರೆತಂದಿತು, ಎಂಬುದನ್ನು ಸೋಂಪುರದ ಸುತ್ತಣ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯು ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಶಿವಗಂಗೆಯ ಬೆಟ್ಟಕ್ಕೆ ಹೋಗುವ ಯಾತ್ರಿಕರು ಇಳಿಯುವ ಊರು ಇದೇ ಹೋಬಳಿಯ ಡಾಬಸ್‌ಪೇಟೆ. ಬಯಲುಸೀಮೆಯ ಈ ಪೇಟೆಗೆ ಇಂಗ್ಲಿಷರ ಹೆಸರೇಕೆ ಬಂದಿತೆಂಬುದು ಆ ಊರಿನಲ್ಲಿ ದಿನವೂ ಬಸ್ಸು ಹತ್ತುವವರಲ್ಲಿ ಅನೇಕರಿಗೆ ತಿಳಿಯದು. ಕಮಿಷನರ ಆಳ್ವಿಕೆಯ ಕಾಲದಲ್ಲಿ ತುಮಕೂರನ್ನೂ ಒಳಗೊಂಡ ಚಿತ್ರದುರ್ಗದ ವಿಭಾಗಕ್ಕೆ ಸೂಪರಿಂಟೆಂಡೆಂಟರಾಗಿದ್ದ ರಿಚರ್ಡ್ ಸ್ಟುವರ್ಟ್ ಡಾಬ್ಸ್ ಎಂಬ ಸೈನ್ಯಾಧಿಕಾರಿಯ ಹೆಸರು ಅದು. ಆ ಹೆಸರು ಅಲ್ಲಿ ನಿಂತ ಕಾಲವೇ ಸುಂಕದವನು ಹಾದಿಯಿಂದೆದ್ದ ಕಾಲವೂ ಆಗಿದೆ.

೧೮೩೧ರಲ್ಲಿ ಮೈಸೂರಿನ ಆಡಳಿತವು ಇಂಗ್ಲಿಷರ ಕೈಗೆ ಹೋದಾಗ ಈ ಸಂಸ್ಥಾನದಲ್ಲಿದ್ದ ತೆರಿಗೆಗಳ ಪಟ್ಟಿಯು ಓದುವವರಿಗೆ ನಗೆಯನ್ನೂ ದುಃಖವನ್ನೂ ಒಮ್ಮೆಗೇ ತರತಕ್ಕುದಾಗಿದ್ದಿತು. ಲೂಯಿ ರೈಸ್ ಮಹಾಶಯರ ಮೈಸೂರು ಗ್ಯಾಸೆಟಿಯರಿನಲ್ಲಿ ಇದರ ವರ್ಣನೆಯಿದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ಅದರ ತಲೆ ಬೋಳಿಸಿದರೆ ತೆರಿಗೆ. ಒಂದು ಹಳ್ಳಿಯವರು, ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕಾಗಿ ತಲೆತಲಾಂತರವಾಗಿ ಹಣ ತೆರುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಜಾಗವನ್ನು ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಳ್ಳದೆ ದಾಟಿದವನೂ ತೆರಿಗೆ ಕೊಡಬೇಕಾಗಿದ್ದಿತು. ಇವೆಲ್ಲವೂ ಸರ್ಕಾರದ ಲೆಕ್ಕದ ಪುಸ್ತಕಗಳಲ್ಲಿ ಆದಾಯದ ಬಾಬುಗಳಾಗಿ ಕ್ರಮವಾಗಿ ಬರೆಯಲ್ಪಟ್ಟಿದ್ದುವು. ಇವುಗಳ ಜೊತೆಗೆ ಸಾಯಿರ್ ಎಂಬ ಹಾದಿಸುಂಕ. ಅದನ್ನು ಗುತ್ತಿಗೆಗೆ ಕೊಡುವುದು ವಾಡಿಕೆ. ಗುತ್ತಿಗೆದಾರನು ಕಟ್ಟೆ ಹಾಕಿ ಕುಳಿತು, ಬಂದ ಎತ್ತಿನ ಹೇರನ್ನು ಬಿಚ್ಚಿಸಿ, ತನಗೆ ತೋರಿದಷ್ಟು ಹೊತ್ತು ನಿಲ್ಲಿಸಿ, ಸುಂಕವನ್ನು ಗೊತ್ತುಮಾಡುತ್ತಿದ್ದನು. ಸರಕಿನವನಿಗೆ ಸುಂಕದ ಭಾರಕ್ಕಿಂತಲೂ ಈ ನಿಲ್ಲುವಿಕೆಯೇ ಹೆಚ್ಚಿನ ಭಾರವಾಗಿದ್ದಿತು.

೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಇಂತಹ ೭೬೯ ಚಿಲ್ಲರೆ ತೆರಿಗೆಗಳು ರದ್ದಾದುವು. ಹಾದಿಸುಂಕದ ಕಟ್ಟೆಗಳೂ ಕ್ರಮೇಣ ಎದ್ದುವು. ಸುಮಾರು ೧,೬೦೦ ಮೈಲಿಗಳ ರಸ್ತೆಗಳು ಹಾಕಲ್ಪಟ್ಟುವು. ಸುಂಕದ ಕಟ್ಟೆಯಿದ್ದ ಕಡೆ ಸಂತೆ ಕೂಡಿತು. ದಾರಿ ತೆರೆದು ಕೊಟ್ಟರೆ ಪೇಟೆ ತಾನಾಗಿ ಕಟ್ಟಿಕೊಳ್ಳುವುದೆಂಬುದು ಆ ಕಾಲದ ನಂಬಿಕೆ. ಹೆದ್ದಾರಿಯ ಪಕ್ಕದ ಡಾಬಸ್‌ಪೇಟೆಯು ಆ ನಂಬಿಕೆಯ ಕಾಲದ ಊರು.

ಈ ನಂಬಿಕೆಯು ಕಬ್ಬನ್ನರ ಮನಸ್ಸಿನಲ್ಲಿ ಮಾತ್ರ ಹುಟ್ಟಿದುದಲ್ಲ. ೧೭೭೬ರಲ್ಲಿ ಆಡಂ ಸ್ಮಿತ್ತನು ರಾಷ್ಟ್ರಗಳ ಸಂಪತ್ತನ್ನು ಕುರಿತು ಬರೆದ ಗ್ರಂಥದಿಂದ ಮೊದಲಾಗಿ, ೧೮೫೯ರಲ್ಲಿ ಜಾನ್ ಸ್ಟುವರ್ಟ್ ಮಿಲ್ಲನು ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥದವರೆಗೆ, ಇಂಗ್ಲೆಂಡಿನಲ್ಲಿ ಬೆಳೆದ ವಿಚಾರಪರಂಪರೆಗೆ ಲಿಬರಲಿಸಂ, ಎಂದರೆ ಉದಾರವಾದ, ಎಂದು ಹೆಸರು. ೧೮೪೬ರಲ್ಲಿ ಅಲ್ಲಿ ಧಾನ್ಯದ ಆಮದಿನ ಮೇಲಣ ಸುಂಕವನ್ನು ತೆಗೆಯಿಸಿದುದು ಈ ವಾದದ ದೊಡ್ಡ ವಿಜಯ. ನಮ್ಮ ದೇಶದಲ್ಲಿಯೂ ಅದರ ಗಾಳಿ ಬೀಸಿತು: ಒಳನಾಡಿನ ಹಾದಿಸುಂಕವು ಬಂಗಾಳದಲ್ಲಿ ೧೮೩೬ರಲ್ಲಿಯೂ, ಮುಂಬಯಿಯಲ್ಲಿ ೧೮೩೮ರಲ್ಲಿಯೂ, ಮದರಾಸಿನಲ್ಲಿ ೧೮೪೪ರಲ್ಲಿಯೂ ರದ್ದಾಯಿತು. ಹಳೆಯ ಉದಾರವಾದಿಗಳ ಮಾತನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಹೀಗೆ: ಮನುಷ್ಯನ ಮೇಲೆ ಮನುಷ್ಯನು ಮಾಡುವ ಬಲಾತ್ಕಾರವು ಎಷ್ಟು ಕಡಮೆಯಾದರೆ ಸ್ವಾತಂತ್ರ್ಯವು ಅಷ್ಟು ಹೆಚ್ಚು, ಆ ಬಲಾತ್ಕಾರವು ರಾಜಮುದ್ರೆಯೊಡನೆ ಬಂದರೂ ಬಲಾತ್ಕಾರವೇ.

ಸರ್ಕಾರವು ಏನನ್ನೂ ಮಾಡದೆ ಕೈಕಟ್ಟಿ ಕುಳಿತಿರಬೇಕೆಂದು ಈ ಹಳಬರು ಹೇಳಿದರೆಂದು ತಿಳಿಯುವುದು ಸರಿಯಲ್ಲ. ನ್ಯಾಯಸ್ಥಾನ, ರಸ್ತೆ, ಸೇತುವೆ, ಪಾಠಶಾಲೆ ಇವುಗಳನ್ನು ಅವರು ಸರ್ಕಾರದ ಕರ್ತವ್ಯಗಳಲ್ಲಿ ಸೇರಿಸಿದರು. ನಮ್ಮವರಲ್ಲಿ ಈ ಪರಂಪರೆಗೆ ಸೇರಿದ ಗೋಪಾಲಕೃಷ್ಣ ಗೋಖಲೆಯವರು ೧೯೦೨ರಲ್ಲಿ ಆಯವ್ಯಯದ ಚರ್ಚೆಯಲ್ಲಿ ಉಪ್ಪಿನ ತೆರಿಗೆಯನ್ನು ಖಂಡಿಸಿದರು. ಅವರೇ ೧೯೧೧ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಮಾಡಬೇಕೆಂಬ ಮಸೂದೆಯನ್ನು ತಂದರು. ತೆರಿಗೆಯ ಹೊರೆಯನ್ನು ಇಳಿಸಬೇಕೆಂದವರೂ, ಶಾಲೆಯ ಬಾಗಿಲನ್ನು ತೆರೆಯಬೇಕೆಂದವರೂ ಒಬ್ಬರೇ. ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುವ, ಅಧಿಕಾರಿಯ ಮರ್ಜಿಗೆ ಎಡೆಗೊಡದ ಕಾನೂನಿನ ಮೂಲಕ ಈ ಕಾರ್ಯಗಳು ನಡೆಯಬೇಕೆಂಬುದೇ ಅವರ ಕಟ್ಟಳೆ.

ಹೀಗಿರಲು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉದಾರವಾದವೆಂಬ ಹೆಸರಿನ ಒಳಗೆ ಅರ್ಥವು ಮೆಲ್ಲಗೆ ಬದಲಾಯಿಸಿತು. ೧೮೮೧ರಲ್ಲಿ ಇಂಗ್ಲೆಂಡಿನ ಟಿ. ಎಚ್. ಗ್ರೀನ್ ಎಂಬ ತತ್ತ್ವಶಾಸ್ತ್ರಜ್ಞನು ತನ್ನ ಪ್ರಸಿದ್ಧವಾದ ಉಪನ್ಯಾಸದಲ್ಲಿ, ತಡೆಯಿಲ್ಲದಿರುವುದಷ್ಟೇ ಸ್ವಾತಂತ್ರ್ಯವಲ್ಲ, ಮಾಡತಕ್ಕುದನ್ನು ಮಾಡುವ ಶಕ್ತಿಯೇ ನಿಜವಾದ ಸ್ವಾತಂತ್ರ್ಯ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಅದೇ ವರ್ಷ ಮೈಸೂರು ಸಂಸ್ಥಾನವು ಮರಳಿ ಅರಸರ ಕೈಗೆ ಬಂದು, ದಿವಾನ್ ರಂಗಾಚಾರ್ಲುರವರ ಏರ್ಪಾಡಿನಿಂದ ಪ್ರಜಾಪ್ರತಿನಿಧಿಸಭೆಯು ಮೊದಲ ಸಾರಿ ಸೇರಿತೆಂಬುದನ್ನು ವಾಚಕರು ನೆನೆಯಬಹುದು. ಮೂರು ವರ್ಷಗಳ ತರುವಾಯ, ೧೮೮೪ರಲ್ಲಿ, ಹರ್ಬರ್ಟ್ ಸ್ಪೆನ್ಸರನು ಮನುಷ್ಯನಿಗೂ ರಾಜ್ಯಕ್ಕೂ ಇರುವ ವಿರೋಧವನ್ನು ಕುರಿತು ಬರೆದು, ಹಿಂದೆ ಕಟ್ಟುಗಳನ್ನು ಬಿಚ್ಚುತ್ತಿದ್ದ ಪಕ್ಷವೇ ಈಗ ಹೊಸ ಕಟ್ಟುಗಳನ್ನು ಹೆಣೆಯುತ್ತಿದೆಯೆಂದು ಆಕ್ಷೇಪಿಸಿದನು. ೧೯೧೧ರಲ್ಲಿ ಎಲ್. ಟಿ. ಹಾಬ್‌ಹೌಸನ ಗ್ರಂಥವು ಹೊಸ ಉದಾರವಾದಕ್ಕೆ ಶಾಸ್ತ್ರರೂಪವನ್ನು ಕೊಟ್ಟಿತು. ಅಂದಿನಿಂದ ಪಶ್ಚಿಮದಲ್ಲಿ ಉದಾರವಾದಿಯೆಂದರೆ ಸರ್ಕಾರದ ಕೈಯನ್ನು ನೀಳಮಾಡಬೇಕೆನ್ನುವವನೆಂಬ ಅರ್ಥವು ರೂಢಿಗೆ ಬಂದಿತು.

ಹೊಸಬರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದರೆ ಅನ್ಯಾಯವಾದೀತು. ಅವರ ಪರವಾದ ಸಾಕ್ಷ್ಯವು ನಮ್ಮ ಸೀಮೆಯ ಮಣ್ಣಿನಲ್ಲಿಯೇ ಹೂತಿದೆ. ೧೮೭೬ರಿಂದ ೧೮೭೮ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಕಂಡ ಸಂಕಟವು ವರ್ಣನಾತೀತವಾದುದು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಆಗಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿದ್ದಿತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರವು ಕೈಹಾಕಬಾರದೆಂಬ ಸೂತ್ರವನ್ನು ಲಾರ್ಡ್ ಲಿಟ್ಟನ್ನರ ಸರ್ಕಾರವು ಆ ಕಾಲದಲ್ಲಿ ಬಿಗಿಯಾಗಿ ಹಿಡಿದಿದ್ದಿತು. ಪೇಟೆಯು ಧಾನ್ಯವನ್ನು ಹಣವಿರುವ ಕಡೆಗೆ ಒಯ್ಯುತ್ತದೆ. ಮಳೆಯೂ ಕೆಲಸವೂ ಇಲ್ಲದ ಒಕ್ಕಲಿಗನ ಕೈಯಲ್ಲಿ ಹಣವೆಲ್ಲಿಯದು? ಸ್ವಾತಂತ್ರ್ಯದ ಹೆಸರಿನಿಂದ ಇಂತಹ ಮರಣವನ್ನು ನೋಡುತ್ತ ಕುಳಿತಿರಬಹುದೆ, ಎಂಬ ಹೊಸಬರ ಪ್ರಶ್ನೆಗೆ ಹಳೆಯ ಉದಾರವಾದಿಯು ತಲೆತಗ್ಗಿಸದೆ ಉತ್ತರಕೊಡಲಾರನು.

ಆದರೂ ಉತ್ತರವೊಂದಿದೆ. ಧಾನ್ಯದ ವ್ಯಾಪಾರವನ್ನು ಬಿಟ್ಟಿದ್ದ ಆ ಸರ್ಕಾರವು ಉಪ್ಪಿನ ತೆರಿಗೆಯನ್ನು ಬಿಡಲಿಲ್ಲ. ಪ್ರಜೆಗೆ ಮತವನ್ನೂ ಕೊಡಲಿಲ್ಲ. ಕೊಡುವಾಗ ಮಾತ್ರ ಸ್ಮಿತ್ತನನ್ನು ಸ್ಮರಿಸಿ, ತೆಗೆದುಕೊಳ್ಳುವಾಗ ಅವನನ್ನು ಮರೆತ ಆಳ್ವಿಕೆಗೆ ಉದಾರವೆಂಬ ಹೆಸರು ಸಲ್ಲದು. ಮೇಲಾಗಿ ಆ ಕ್ಷಾಮದಿಂದ ಪಾಠ ಕಲಿತು, ೧೮೮೦ರ ಕ್ಷಾಮ ಆಯೋಗದ ವರದಿಯ ಮೇಲೆ ಏರ್ಪಟ್ಟ ಕ್ಷಾಮದ ನಿಬಂಧನೆಗಳ ರೀತಿಯನ್ನು ನೋಡಬೇಕು: ಬರದ ಲಕ್ಷಣಗಳು ಕಂಡೊಡನೆ ಕಾಮಗಾರಿಗಳನ್ನು ತೆರೆಯತಕ್ಕುದು, ಕೆಲಸ ಕೇಳಿಬಂದ ಶಕ್ತರಿಗೆ ಕೂಲಿ ಕೊಡತಕ್ಕುದು, ಅಶಕ್ತರಿಗೆ ಅನ್ನ ಕೊಡತಕ್ಕುದು. ಇದು ಮುಂದಾಗಿಯೇ ಬರೆದಿಟ್ಟ ಸಾಮಾನ್ಯನಿಯಮ. ಹಸಿದವನಿಗೆ ಅನ್ನ ಕೊಡುವುದಕ್ಕಾಗಿ ಹಸಿಯದವನ ಅಂಗಡಿಗೆ ಬೀಗಹಾಕುವ ಅಧಿಕಾರವು ಬೇಕಾಗಿಲ್ಲವೆಂಬುದನ್ನು ಇದು ತೋರಿಸಿಕೊಟ್ಟಿತು.

ಹೊಸಬರ ಇನ್ನೊಂದು ಮಾತೂ ಗಮನಾರ್ಹವಾದುದು. ಸರ್ಕಾರವು ಸುಮ್ಮನಿದ್ದರೆ ಊರ ಬಾವಿಯಲ್ಲಿ ನೀರು ಸೇದಗೊಡದ ಜಾತಿಯ ಕಟ್ಟನ್ನೂ, ತಂದೆಯ ಸಾಲಕ್ಕಾಗಿ ಮಗನನ್ನು ದುಡಿಸುವ ಜೀತವನ್ನೂ ಬಿಚ್ಚುವವರಾರು, ಎಂದು ಅವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಅಸ್ಪೃಶ್ಯತೆಯನ್ನು ತೊಡೆದ ಸಂವಿಧಾನದ ೧೭ನೆಯ ಅನುಚ್ಛೇದವೂ, ಜೀತವನ್ನು ರದ್ದುಮಾಡಿದ ೧೯೭೬ರ ಕಾನೂನೂ ಹಳೆಯ ಉದಾರವಾದದ ಮಕ್ಕಳೇ. ಹಾದಿಯಲ್ಲಿ ಕುಳಿತು ತಡೆಯುವವನು ಗುತ್ತಿಗೆದಾರನಾಗಲಿ, ಊರ ಯಜಮಾನನಾಗಲಿ, ಅವನನ್ನು ಎಬ್ಬಿಸುವುದು ಒಂದೇ ಧರ್ಮ. ಕಟ್ಟನ್ನು ಬಿಚ್ಚುವ ಕಾನೂನು ಬೇರೆ. ಒಳ್ಳೆಯ ಉದ್ದೇಶಕ್ಕಾಗಿಯೇ ಆದರೂ ಹೊಸದಾಗಿ ಕಟ್ಟುವ ಕಾನೂನು ಬೇರೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದುದೇ ಹೊಸ ಉದಾರವಾದದ ಮುಖ್ಯದೋಷ. ಶಕ್ತಿಯಿಲ್ಲದಿರುವುದೆಲ್ಲವೂ ಪರಾಧೀನತೆಯೆಂದು ಎಣಿಸಿದೊಡನೆ, ಮನುಷ್ಯನ ಪ್ರತಿಯೊಂದು ಕೊರತೆಯೂ ಸರ್ಕಾರಕ್ಕೆ ಹೊಸದೊಂದು ಅಧಿಕಾರವನ್ನು ತಂದುಕೊಡುತ್ತದೆ. ಮನುಷ್ಯನ ಕೊರತೆಗಳಿಗೆ ಕೊನೆಯಿಲ್ಲವಾದುದರಿಂದ ಆ ಅಧಿಕಾರಕ್ಕೂ ಕೊನೆಯಿರದು.

ಸ್ವತಂತ್ರ ಭಾರತದಲ್ಲಿ ಈ ವಿಚಾರವು ಫೇಬಿಯನ್ನರ ಸಮಾಜವಾದದೊಡನೆ ಬೆರೆತು ಯೋಜನೆಗಳ ರೂಪದಲ್ಲಿ ಬಂದಿತು. ೧೯೫೧ರ ಕೈಗಾರಿಕಾ ಕಾನೂನಿನ ಪ್ರಕಾರ, ಪಟ್ಟಿಯಲ್ಲಿ ಸೇರಿದ ಉದ್ಯಮಗಳಲ್ಲಿ ಹೊಸ ಕಾರ್ಖಾನೆಯನ್ನು ತೆರೆಯುವುದಕ್ಕೂ ಇದ್ದುದನ್ನು ಬೆಳೆಸುವುದಕ್ಕೂ ಲೈಸೆನ್ಸು ಬೇಕಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಕೂಡಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ, ೧೯೫೫ರಲ್ಲಿ, ಒಬ್ಬರೇ ಒಬ್ಬರು ಭಿನ್ನಾಭಿಪ್ರಾಯವನ್ನು ಬರೆದುಕೊಟ್ಟರು. ಅವರು ಬಿ. ಆರ್. ಶೆಣೈ, ೧೯೦೫ರಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಸೀಮೆಯ ಬೆಳ್ಳಿಕೋತ್ ಗ್ರಾಮದಲ್ಲಿ ಜನಿಸಿದವರು, ಕಾಶಿಯಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗಮಾಡಿದವರು. ಆ ಯೋಜನೆಯ ಸರ್ಕಾರಿ ವೆಚ್ಚವಾದ ೪,೮೦೦ ಕೋಟಿ ರೂಪಾಯಿಗಳಲ್ಲಿ ೧,೨೦೦ ಕೋಟಿಯನ್ನು ಕೊರತೆಯ ಹಣದಿಂದ ತುಂಬಿಕೊಳ್ಳಬೇಕೆಂದು ಕೊನೆಗೆ ಗೊತ್ತಾಯಿತು. ಹೀಗೆ ಮಾಡಿದರೆ ಬೆಲೆಗಳು ಏರುವುವು, ಬೆಲೆಯೇರಿಕೆಯ ಬಾಧೆಯು ಬಡವನಿಗೆ ಹೆಚ್ಚಾಗಿ ತಗಲುವುದು, ಹತೋಟಿಗಳನ್ನು ಹೆಚ್ಚಿಸುವುದರಿಂದ ಪ್ರಜಾಪ್ರಭುತ್ವಕ್ಕೂ ಕುಂದುಂಟಾಗುವುದು ಎಂಬುದು ಶೆಣೈಯವರ ವಾದದ ಸಾರ. ಅಂದು ಅವರ ಮಾತನ್ನು ಕೇಳಿದವರು ಕಡಮೆ. ಎರಡೇ ವರ್ಷಗಳಲ್ಲಿ ವಿದೇಶೀ ಹಣದ ಮುಗ್ಗಟ್ಟು ತಲೆದೋರಿತು; ೧೯೬೬ರ ಜೂನಿನಲ್ಲಿ ಡಾಲರಿಗೆ ೪ ರೂಪಾಯಿ ೭೬ ಪೈಸೆಯಿದ್ದ ದರವು ೭ ರೂಪಾಯಿ ೫೦ ಪೈಸೆಗೆ ಬಂದು ನಿಂತಿತು.

೧೯೫೯ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿ, ಈ ವ್ಯವಸ್ಥೆಗೆ ಪರ್ಮಿಟ್ ಲೈಸೆನ್ಸ್ ರಾಜ್ಯವೆಂದು ಹೆಸರಿಟ್ಟರು. ಅವರ ಪಕ್ಷವು ೧೯೭೪ರಲ್ಲಿ ಬೇರೊಂದು ಪಕ್ಷದಲ್ಲಿ ಸೇರಿಹೋದರೂ ಅವರಿಟ್ಟ ಹೆಸರು ನಿಂತಿತು. ಇದರ ಬಿಸಿಯು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ತಗಲಿತೆಂದು ತಿಳಿಯಬಾರದು. ೧೯೬೩ರ ಜನವರಿಯಲ್ಲಿ ಬಂದ ಚಿನ್ನದ ಹತೋಟಿಯ ನಿಯಮಗಳು ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಆಭರಣಗಳನ್ನು ಮಾಡಕೂಡದೆಂದು ವಿಧಿಸಿದುವು. ದೇಶದ ಹಣವು ಹೊರಗೆ ಹೋಗದಿರಲೆಂಬ ಉದ್ದೇಶವು ಒಳ್ಳೆಯದೇ. ಆದರೆ ತಲೆಮಾರುಗಳಿಂದ ಕುಲುಮೆಯ ಮುಂದೆ ಕುಳಿತ ಅಕ್ಕಸಾಲಿಗರಲ್ಲಿ ಬಹುಮಂದಿಯ ಕಸುಬು ಕೆಟ್ಟಿತು, ಕಳ್ಳಸಾಗಣೆ ನಿಲ್ಲಲಿಲ್ಲ. ಕ್ಯಾರೆಟ್ಟಿನ ಕಟ್ಟು ೧೯೬೬ರಲ್ಲಿ ಸಡಿಲಿತು; ಚಿನ್ನದ ಹತೋಟಿಯು ಪೂರ್ಣವಾಗಿ ಹೋಗುವುದಕ್ಕೆ ೧೯೯೦ ಬರಬೇಕಾಯಿತು. ೧೯೯೧ರ ಜುಲೈಯಲ್ಲಿ ಬಹುಪಾಲು ಕೈಗಾರಿಕೆಗಳಿಗೆ ಲೈಸೆನ್ಸಿನ ಅಗತ್ಯವು ತಪ್ಪಿತು. ಅದನ್ನು ನೋಡಲು ೧೯೭೮ರಲ್ಲಿ ತೀರಿಕೊಂಡ ಶೆಣೈಯವರು ಇರಲಿಲ್ಲ.

ಮರವೊಂದರ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನು. ಸುಲ್ತಾನನು ಹೋದನು, ಕಮಿಷನರು ಬಂದರು, ಅರಸರು ಬಂದರು, ಪ್ರಜಾಸರ್ಕಾರವೂ ಬಂದಿತು. ಮರ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ತನ್ನ ಹೊಲದ ಬೇಲಿಯಲ್ಲಿ ಹುಟ್ಟಿದ ಗಂಧದ ಸಸಿಯು ತನ್ನದಲ್ಲ, ಆದರೆ ಕಳುವಾದರೆ ಉತ್ತರ ಹೇಳಬೇಕಾದವನು ತಾನು, ಎಂದಾಗ ಯಾವ ರೈತನು ಅದಕ್ಕೆ ನೀರೆರೆದಾನು? ೨೦೦೧ರ ತಿದ್ದುಪಡಿಯಿಂದ ಭೂಮಿಯ ಒಡೆಯನಿಗೇ ಮರದ ಒಡೆತನವು ಬಂದ ಮೇಲೆ ಗಂಧವನ್ನು ತೋಟದ ಬೆಳೆಯಾಗಿ ಇಡುವವರು ಮುಂದೆ ಬಂದರು. ರಕ್ಷಣೆಗಾಗಿ ಮಾಡಿದ ಒಡೆತನವು ರಕ್ಷಿಸಬೇಕಾದವನನ್ನೇ ದೂರಮಾಡಿದ್ದಿತು.

ಇನ್ನು ಸೋಂಪುರಕ್ಕೆ ಮರಳೋಣ. ೧೯೬೧ರ ಭೂಸುಧಾರಣಾ ಕಾನೂನೂ, ದೇವರಾಜ ಅರಸರ ಕಾಲದಲ್ಲಿ ೧೯೭೪ರಲ್ಲಿ ಜಾರಿಗೆ ಬಂದ ಅದರ ತಿದ್ದುಪಡಿಯೂ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿದುವು. ಉಳುವವನ ಕೈಗೆ ಹೊಲ ಬಂದುದರಿಂದ ಒಡೆಯರ ಸಂಖ್ಯೆ ಹೆಚ್ಚಿತು. ಇದನ್ನು ಹಳೆಯ ಉದಾರವಾದಿಯೂ ಪೂರ್ತಿಯಾಗಿ ಅಲ್ಲಗಳೆಯಲಾರನು. ಆದರೆ ಅದೇ ಕಾನೂನಿನ ೭೯-ಎ, ೭೯-ಬಿ ಕಲಮುಗಳು, ಬೇಸಾಯಗಾರನಲ್ಲದವನೂ, ಗೊತ್ತಾದ ಮಿತಿಗಿಂತ ಹೆಚ್ಚಿನ ಬೇರೆ ವರಮಾನವುಳ್ಳವನೂ ಬೇಸಾಯದ ಭೂಮಿಯನ್ನು ಕೊಳ್ಳಕೂಡದೆಂದು ವಿಧಿಸಿದುವು. ಭೂಮಿಯನ್ನು ಕೊಟ್ಟ ಕೈಯೇ ಅದನ್ನು ಮಾರುವ ಕೈಯನ್ನು ಕಟ್ಟಿತು. ೨೦೨೦ರಲ್ಲಿ ಆ ಕಲಮುಗಳು ರದ್ದಾಗುವವರೆಗೆ ರೈತನ ಹೊಲಕ್ಕೆ ಕೊಳ್ಳುವವರು ಅಷ್ಟರಮಟ್ಟಿಗೆ ಕಡಮೆ; ಕೊಳ್ಳುವವರು ಕಡಮೆಯಾದಷ್ಟೂ ಬೆಲೆಯೂ ಕಡಮೆ.

ಇದರ ಪಕ್ಕದಲ್ಲಿಯೇ ೧೯೬೬ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿಯ ಕಾನೂನನ್ನು ಇಟ್ಟು ನೋಡಬೇಕು. ಇದರ ಪ್ರಕಾರ ಸರ್ಕಾರವು ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಸಾರಿ, ಅಲ್ಲಿಯ ಹೊಲಗಳನ್ನು ಸ್ವಾಧೀನಪಡಿಸಿಕೊಂಡು, ಮಂಡಲಿಯ ಮೂಲಕ ಕಾರ್ಖಾನೆಗಳಿಗೆ ಹಂಚಬಹುದು. ಡಾಬಸ್‌ಪೇಟೆಯ ಬಳಿಯ ಸೋಂಪುರ ಕೈಗಾರಿಕಾ ಪ್ರದೇಶವು ಹೀಗೆ ಹಂತಹಂತವಾಗಿ ಬೆಳೆದುದು. ಅಲ್ಲಿಯ ಕಾರ್ಖಾನೆಗಳಲ್ಲಿ ಸುತ್ತಲ ಹಳ್ಳಿಗಳ ಯುವಕರಿಗೂ ಹೆಣ್ಣುಮಕ್ಕಳಿಗೂ ಕೆಲಸ ದೊರೆತಿದೆಯೆಂಬುದು ಸಂತೋಷದ ಸಂಗತಿ; ಕೈಗಾರಿಕೆಯು ಬೇಡವೆಂಬ ವಾದವು ಇಲ್ಲಿಲ್ಲ. ಆದರೆ ಎರಡು ಕಾನೂನುಗಳನ್ನೂ ಕೂಡಿಸಿ ಓದಿದರೆ ಏನಾಯಿತೆಂಬುದನ್ನು ಯೋಚಿಸಿರಿ. ಸೋಂಪುರದ ರೈತನು ತನ್ನ ಹೊಲವನ್ನು ಕಾರ್ಖಾನೆಯವನಿಗೆ ತಾನೇ ಮಾರಬೇಕಾದರೆ ೨೦೨೦ರವರೆಗೆ ಸರ್ಕಾರದ ವಿಶೇಷ ಅನುಮತಿ ಬೇಕಾಗಿದ್ದಿತು; ಅದೇ ಹೊಲವನ್ನು ಸರ್ಕಾರವು ತೆಗೆದುಕೊಂಡು ಅದೇ ಕಾರ್ಖಾನೆಯವನಿಗೆ ಕೊಡಬಹುದು. ಪರಿಹಾರದ ಮೊತ್ತವನ್ನು ಕುರಿತು ಒಪ್ಪಂದಕ್ಕೆ ಅವಕಾಶವುಂಟು. ಕೊಡುವುದೋ ಬಿಡುವುದೋ ಎಂಬುದನ್ನು ಕುರಿತು ಮಾತ್ರ ಇಲ್ಲ. ಖಾಸಗಿ ಕಂಪನಿಗಾಗಿ ಭೂಮಿಯನ್ನು ತೆಗೆದುಕೊಳ್ಳುವಾಗ ಶೇಕಡ ೮೦ ಮಂದಿಯ ಒಪ್ಪಿಗೆ ಬೇಕೆಂದು ೨೦೧೩ರ ಕೇಂದ್ರದ ಕಾನೂನು ಹೇಳುತ್ತದೆ. ೧೯೬೬ರ ರಾಜ್ಯದ ಕಾನೂನಿನಲ್ಲಿ ಅಂತಹ ನಿಬಂಧನೆಯಿಲ್ಲ. ಆಸ್ತಿಯ ಹಕ್ಕಾದರೋ, ೧೯೭೮ರ ೪೪ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಸಾಲಿನಿಂದ ಇಳಿದುಹೋಯಿತು.

ಈ ಕಾನೂನುಗಳನ್ನು ಮಾಡಿದವರಲ್ಲಿ ದುರುದ್ದೇಶವಿದ್ದಿತೆಂದು ಹೇಳಲಾಗದು. ಭೂಮಿಯು ಶ್ರೀಮಂತರ ಪಾಲಾಗಬಾರದು, ಕೈಗಾರಿಕೆಯು ಬೆಳೆಯಬೇಕು, ಚಿನ್ನವು ಹೊರಗಿನಿಂದ ಬರಬಾರದು, ಗಂಧವು ಉಳಿಯಬೇಕು: ಉದ್ದೇಶಗಳನ್ನು ಮಾತ್ರ ನೋಡಿದರೆ ಯಾರು ತಾನೆ ಬೇಡವೆಂದಾರು? ಹೊಸ ಉದಾರವಾದವು ಕಾನೂನನ್ನು ಅದರ ಉದ್ದೇಶದಿಂದ ಅಳೆಯುತ್ತದೆ. ಹಳೆಯ ಉದಾರವಾದವು, ಆ ಕಾನೂನು ಯಾರ ಕೈಯಲ್ಲಿ ಎಷ್ಟು ಅಧಿಕಾರವನ್ನು ಇಟ್ಟುಹೋಗುತ್ತದೆಂಬುದರಿಂದ ಅಳೆಯುತ್ತದೆ. ಉದ್ದೇಶವು ಶಾಸನಸಭೆಯ ಭಾಷಣದಲ್ಲಿ ಮುಗಿಯುವುದು. ಅಧಿಕಾರವು ಕಛೇರಿಯ ಮೇಜಿನ ಮೇಲೆ ದಿನದಿನವೂ ಉಳಿಯುವುದು. ಆ ಮೇಜಿನ ಬಳಿಗೆ ಬೇಗನೆ ತಲಪುವವರು ಹಣವಂತರೂ ಪರಿಚಯಸ್ಥರೂ. ಯಾರಿಗಾಗಿ ಕಾನೂನು ಹುಟ್ಟಿತೋ ಆ ಬಡವನು ಜಗಲಿಯಲ್ಲಿ ಕಾದಿರುತ್ತಾನೆ. ಹೀಗೆ ಬೇಲಿಯೇ ಎದ್ದು ಹೊಲವನ್ನು ಮೇಯುವ ಪ್ರಸಂಗವು ಬರುತ್ತದೆ.

ಕಬ್ಬನ್ನರ ಕಾಲದ ಸುಂಕದ ಕಟ್ಟೆಯಲ್ಲಿ ಕುಳಿತವನು ಗುತ್ತಿಗೆಯ ಲಾಭಕ್ಕಾಗಿ ಹೇರನ್ನು ನಿಲ್ಲಿಸುತ್ತಿದ್ದನು. ಇಂದಿನ ಪರವಾನಗಿಯ ಚೀಟಿಯನ್ನು ಬರೆಯುವವನು ಲೋಕಹಿತಕ್ಕಾಗಿ ನಿಲ್ಲಿಸುತ್ತಾನೆ. ನಿಂತವನ ಕಾಲಿನ ನೋವು ಎರಡು ಕಡೆಯಲ್ಲಿಯೂ ಒಂದೇ. ಹಸಿದವನಿಗೆ ಅನ್ನವನ್ನೂ, ಮಗುವಿಗೆ ಶಾಲೆಯನ್ನೂ, ಎಲ್ಲರಿಗೂ ದಾರಿಯನ್ನೂ ಸರ್ಕಾರವು ಧಾರಾಳವಾಗಿ ಕೊಡಲಿ. ಅದಕ್ಕೆ ಬೇಕಾದ ತೆರಿಗೆಯನ್ನು ಎಲ್ಲರಿಗೂ ಒಂದೇ ಸಮನಾದ ನಿಯಮದಿಂದ ಎತ್ತಲಿ. ಇನ್ನು ಮುಂದೆ ಯಾವುದಾದರೊಂದು ಹೊಸ ಕಾನೂನು ಜನಹಿತದ ಹೆಸರಿನಿಂದ ಬಂದಾಗ, ಅದರ ಪೀಠಿಕೆಯನ್ನು ಓದಿ ತಲೆದೂಗುವುದಕ್ಕೆ ಮುಂಚೆ, ಯಾರು ಯಾರ ಮುಂದೆ ನಿಂತು ಸುಖದುಃಖ ಹೇಳಿಕೊಳ್ಳಬೇಕಾಗುವುದೆಂಬ ಪ್ರಶ್ನೆಯನ್ನು ನಾವು ಕೇಳತಕ್ಕುದು. ಆ ಪ್ರಶ್ನೆಗೆ ಸಮಾಧಾನಕರವಾದ ಉತ್ತರವು ದೊರೆತರೆ ಮಾತ್ರ ಉದಾರವೆಂಬ ಹೆಸರು ಅದಕ್ಕೆ ಸಲ್ಲುವುದು.